ಎದೆಗೆ ರೇಡಿಯೇಷನ್: ಉಸಿರು ಹಿಡಿದರೂ ಗೆರೆ ಪಟ್ಟಿಯೊಳಗೆ ನಿಲ್ಲುತ್ತಿಲ್ಲ

ಗದಗಿನವ:
ನಮ್ಮ ಅವ್ವನಿಗೆ ಎಡ ಸ್ತನದ ಆಪರೇಷನ್ ಆಗಿದೆ. ಇನ್ನು ಹುಬ್ಬಳ್ಳಿಯಲ್ಲಿ ರೇಡಿಯೇಷನ್. ಉಸಿರು ಎಳೆದು ಹಿಡಿದಾಗಷ್ಟೇ ಮಷಿನ್ ಬಿಡುತ್ತಾರಂತೆ, ಡಿಐಬಿಎಚ್ ಅಂತಾರೆ. ಎದೆ ಮೇಲೆ ಸಣ್ಣ ಡಬ್ಬಿ ಇಟ್ಟು ಪ್ರಾಕ್ಟೀಸ್ ಮಾಡಿಸಿದರು. ಸ್ಕ್ರೀನಿನ ಗೆರೆ ಪಟ್ಟಿಯೊಳಗೆ ನಿಲ್ಲಬೇಕು. ಅವ್ವನದು ಒಮ್ಮೆ ಮೇಲೆ ಹಾರುತ್ತದೆ, ಒಮ್ಮೆ ಅರ್ಧಕ್ಕೇ ಜಾರುತ್ತದೆ. ಮತ್ತೆ ಬರಲು ಹೇಳಿದ್ದಾರೆ. ಆಗದಿದ್ದರೆ ಟ್ರೀಟ್‌ಮೆಂಟೇ ಕೊಡಲ್ವಾ?

ಧಾರವಾಡದ ಆರ್‌ಟಿ ಟೆಕ್ನಿಷಿಯನ್:
ಕೊಡುತ್ತಾರೆ, ಆ ಚಿಂತೆ ಬಿಡಿ. ಉಸಿರು ತುಂಬಿದಾಗ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ, ಅದಕ್ಕೆ ಬೀಳುವ ಡೋಸ್ ಕಡಿಮೆಯಾಗುತ್ತದೆ. ಹೃದಯದ ಸರಾಸರಿ ಡೋಸ್ ಒಂದು ಗ್ರೇ (ರೇಡಿಯೇಷನ್ ಅಳೆಯುವ ಮಾನ) ಏರಿದರೆ ಮುಂದೆ ಹೃದಯಾಘಾತದಂಥ ತೊಂದರೆಯ ಅಪಾಯ ಇದ್ದದ್ದರ ಮೇಲೆ 7.4% ಜಾಸ್ತಿ ಅಂತ 2013ರಲ್ಲೇ ಡಾರ್ಬಿ ಎಂಬ ಸಂಶೋಧಕಿಯ ತಂಡ ತೋರಿಸಿದೆ. ಹಾಗಾಗಿ ಪ್ರಯತ್ನ ಮಾಡುವುದು ಒಳ್ಳೆಯದು.

ಒಂದು ನೋಡಿ ಹೇಳಿ. ಅವ್ವನನ್ನು ಗಟ್ಟಿ ಹಾಸಿಗೆ ಮೇಲೆ ಅಂಗಾತ ಮಲಗಿಸಿ, ಕೈ ತಲೆ ಮೇಲೆ, ಎದೆಮೂಳೆಯ ಕೆಳತುದಿಗೆ ಒಂದು ಕಡ್ಡಿಪೆಟ್ಟಿಗೆ ಇಡಿ. ಉಸಿರು ಹಿಡಿದಾಗ ಸೊಂಟದ ಕೆಳಗೆ ನಿಮ್ಮ ಅಂಗೈ ತೂರಿಸಿ ನೋಡಿ. ಸಲೀಸಾಗಿ ಹೋಯಿತಾ?

ಗದಗಿನವ:
ಹೌದ್ರೀ! ಬೆನ್ನು ಬಿಲ್ಲಿನಂತೆ ಏಳುತ್ತದೆ. ಕೈ ಮೇಲೆತ್ತಿದರೆ ಭುಜ ಕೂಡ ನೋಯುತ್ತದಂತೆ.

ಧಾರವಾಡದ ಆರ್‌ಟಿ ಟೆಕ್ನಿಷಿಯನ್:
ಸಿಕ್ಕಿತು ನೋಡಿ. ಬೆನ್ನೆತ್ತಿದರೆ ಡಬ್ಬಿ ಮೇಲೆ ಹೋಗುತ್ತದೆ, ಗಾಳಿ ಮಾತ್ರ ತುಂಬಿರುವುದಿಲ್ಲ. ಸ್ಕ್ರೀನಿನ ಗೆರೆ ಬರುವುದು ಡಬ್ಬಿ ನೋಡುವ ಕ್ಯಾಮೆರಾದಿಂದ, ಅದಕ್ಕೆ ಡಬ್ಬಿ ಅಷ್ಟೇ ಕಾಣುವುದು. ಬೆನ್ನು ಅಂಟಿಕೊಂಡೇ ಇರಲಿ, ಹೊಟ್ಟೆ ಉಬ್ಬಿಸುವ ಬದಲು ಎದೆ ಅಗಲವಾಗಲಿ. ಎಷ್ಟಾಗುತ್ತೋ ಅಷ್ಟೂ ಎಳೆಯುವುದು ಬೇಡ, ಸ್ವಲ್ಪ ಕಡಿಮೆಯೇ ಇರಲಿ, ಆದರೆ ಪ್ರತಿ ಸಲವೂ ಅಷ್ಟೇ ಇರಬೇಕು. 20 ಸೆಕೆಂಡ್ ಬಂದರೆ ಸಾಕು. ನಡುವೆ ಸುಮ್ನೆ ಆರಾಮ್ ಉಸಿರಾಡಲಿ. ತಲೆ ತಿರುಗಿದರೆ ನಿಲ್ಲಿಸಿ. ಭುಜದ ವಿಷಯ ಡಾಕ್ಟರಿಗೆ ಈಗಲೇ ಹೇಳಿ, ಫಿಸಿಯೋಥೆರಪಿ ಬೇಕಾಗಬಹುದು. ನೋವಿದ್ದರೆ ಮೈ ಬಿಗಿಯಾಗುತ್ತದೆ, ಗೆರೆ ಜಾರುತ್ತದೆ.

ಹಾವೇರಿಯಿಂದ:
ನಡುವೆ ಬಾಯಿ ಹಾಕುತ್ತೇನೆ. ಅಪ್ಪನಿಗೆ ಶ್ವಾಸಕೋಶದ ಕೆಳಭಾಗದಲ್ಲಿ ಗೆಡ್ಡೆ. ಅವರಿಗೆ ಉಸಿರು ಹಿಡಿಯಲು ಹೇಳಲೇ ಇಲ್ಲ, ಹೊಟ್ಟೆ ಮೇಲೆ ಪ್ಲೇಟ್ ಒತ್ತಿ ಬಿಗಿದರು. ಯಾಕೆ?

ಧಾರವಾಡದ ಆರ್‌ಟಿ ಟೆಕ್ನಿಷಿಯನ್:
ಅಲ್ಲಿ ಕಷ್ಟ ಬೇರೆ. ವಪೆ (ಎದೆ, ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಆಡಿದಂತೆ ಕೆಳಗಿನ ಗೆಡ್ಡೆ ಮೇಲೆ ಕೆಳಗೆ ಓಡಾಡುತ್ತದೆ, ಕೆಲವರಲ್ಲಿ ಒಂದು ಸೆಂಟಿಮೀಟರಿಗೂ ಜಾಸ್ತಿ. ಪ್ಲೇಟ್ ಆ ಓಡಾಟ ತಗ್ಗಿಸುತ್ತದೆ. 5 ಮಿಲಿಮೀಟರ್ ದಾಟಿದರೆ ಏನಾದರೂ ಮಾಡಿ ಅಂತ ಎಎಪಿಎಂ (ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ) 2006ರ ವರದಿ ಹೇಳುತ್ತದೆ. ಉಳಿದ ಓಡಾಟ 4ಡಿ ಸಿಟಿಯಲ್ಲಿ, ಅಂದರೆ ಉಸಿರಾಟದ ಚಲನೆಯನ್ನೂ ಹಿಡಿಯುವ ಸ್ಕ್ಯಾನಿನಲ್ಲಿ, ಕಾಣುತ್ತದೆ, ಅದನ್ನೂ ಸೇರಿಸಿ ಪ್ಲಾನ್ ಮಾಡುತ್ತಾರೆ. ಉಬ್ಬಸ ಇರುವವರಿಗೆ ಉಸಿರು ಹಿಡಿಸುವುದು ಕಷ್ಟ ಅಲ್ವಾ?

ಗದಗಿನವ:
ಟ್ರೀಟ್‌ಮೆಂಟ್ ನಡುವೆ ಅವ್ವ ಕೆಮ್ಮಿಬಿಟ್ಟರೆ?

ಧಾರವಾಡದ ಆರ್‌ಟಿ ಟೆಕ್ನಿಷಿಯನ್:
ಗೆರೆ ಪಟ್ಟಿ ದಾಟಿದರೆ ಬೀಮ್ ನಿಲ್ಲುತ್ತದೆ. ಕೆಮ್ಮಲಿ, ಸುಧಾರಿಸಿಕೊಳ್ಳಲಿ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ನೆಗಡಿ ಇದ್ದರೆ ಮಾತ್ರ ಟೇಬಲ್ ಹತ್ತುವ ಮೊದಲೇ ಹೇಳಿಬಿಡಿ.