ನೌಕಾಪಡೆಗೆ ಯಂತ್ರ ಮಾಡಲು ಸರ್ಕಾರದ ಅನುದಾನ: ಪಡೆದವರು ಅನುಭವ ಹೇಳಿ

ಕೇಳಿದವರು: ಕೋಡಿಬಾಗ, ಕಾರವಾರ

ನಾನು, ತಮ್ಮ, ಒಬ್ಬ ಗೆಳೆಯ ಸೇರಿ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದೇವೆ. ದೋಣಿಯ ತಳ ನೋಡುವ ಕ್ಯಾಮೆರಾ ಯಂತ್ರ ಮಾಡಿದ್ದೇವೆ. ವೈರ್ ಕಟ್ಟಿ ನೀರಿಗೆ ಬಿಟ್ಟರೆ ಸಾಕು. ಪ್ರೊಪೆಲ್ಲರ್‌ಗೆ ಬಲೆ ಸುತ್ತಿದೆಯಾ, ತಳಕ್ಕೆ ಎಷ್ಟು ಚಿಪ್ಪು ಹಿಡಿದಿದೆ ಎಂದು ಮೇಲೆ ಕೂತೇ ನೋಡಬಹುದು. ಬೈತಖೋಲ ಬಂದರಿನ ಟ್ರಾಲರ್‌ನವರು ಈಗ ನಮ್ಮನ್ನೇ ಕರೆಯುತ್ತಾರೆ. ಸಣ್ಣ ಕಂಪನಿಗಳಿಂದ ಸೇನೆಗೆ ಬೇಕಾದ ಯಂತ್ರ ಮಾಡಿಸುವ ರಕ್ಷಣಾ ಇಲಾಖೆಯ ಐಡೆಕ್ಸ್ ಯೋಜನೆಯಲ್ಲಿ ನೌಕಾಪಡೆ ಕೇಳಿರುವ ಒಂದು ಕೆಲಸ ಇದಕ್ಕೆ ಹತ್ತಿರವಿದೆ. 1.5 ಕೋಟಿವರೆಗೆ ಅನುದಾನ ಅಂತಾರೆ. ಕೈಗೆ ನಿಜವಾಗಿ ಎಷ್ಟು ಬರುತ್ತದೆ, ಯಾವಾಗ ಬರುತ್ತದೆ? ನಮ್ಮಂಥ ಮೂರು ಜನರ ಕೈಯಲ್ಲಿ ಆಗುವ ಕೆಲಸವಾ?

ಶಿರಸಿಯವನು, ಈಗ ಹುಬ್ಬಳ್ಳಿಯಲ್ಲಿ

ಆಗುತ್ತದೆ. ನಾವು ನಾಲ್ಕು ಜನ ಮಾಡಿದ್ದೇವೆ. ಆದರೆ ಮೊದಲು ಆ 1.5 ಕೋಟಿಯ ಲೆಕ್ಕ ಬಿಡಿಸಿಕೊಳ್ಳಿ.

ಐಡೆಕ್ಸ್ 2018ರ ಏಪ್ರಿಲ್‌ನಲ್ಲಿ ಶುರುವಾಯಿತು. ಸೇನೆ ಕೇಳುವ ಕೆಲಸವನ್ನು ಅಲ್ಲಿ ಸವಾಲು ಅಂತಾರೆ. ಸಾಮಾನ್ಯ ಸವಾಲುಗಳಿಗೆ 1.5 ಕೋಟಿ ಮೇಲ್ಮಿತಿ. ಪ್ರೈಮ್ ಎಂಬುದರಲ್ಲಿ 10 ಕೋಟಿವರೆಗೆ, 2024ರಲ್ಲಿ ಬಂದ ಅದಿತಿಯಲ್ಲಿ 25 ಕೋಟಿವರೆಗೆ. ನಿಮಗೆ ಸಂಬಂಧಪಟ್ಟದ್ದು ಮೊದಲನೆಯದು ಮಾತ್ರ. ಅದರಲ್ಲಿ ಖರ್ಚಿನ ಅರ್ಧ ನಿಮ್ಮದು. 80 ಲಕ್ಷದ ಕೆಲಸ ಅಂತ ಬರೆದುಕೊಟ್ಟರೆ 40 ಲಕ್ಷ ನೀವು ಹೊಂದಿಸಬೇಕು. ಇದನ್ನು ಮನೆಯಲ್ಲಿ ಕೂತು ಎಲ್ಲರೆದುರು ಮಾತಾಡಿ.

ಉಳಿದ ಅರ್ಧವೂ ಒಟ್ಟಿಗೆ ಬರುವುದಿಲ್ಲ. ಒಂದು ಹಂತ ಮುಗಿಸಿ ತೋರಿಸಬೇಕು, ಅವರು ಒಪ್ಪಬೇಕು, ಆಮೇಲೆ ಮುಂದಿನ ಕಂತು. ನಾವು ಎರಡನೇ ಹಂತ ಮುಗಿಸಿದ ಹೊತ್ತಿಗೆ ಪರಿಶೀಲನೆಗೆ ಬರಬೇಕಿದ್ದ ಅಧಿಕಾರಿಗೆ ವರ್ಗವಾಯಿತು. ಹೊಸಬರು ಬಂದು, ಕಡತ ಓದಿ, ದಿನ ಕೊಡುವಷ್ಟರಲ್ಲಿ ಐದು ತಿಂಗಳು ಹೋಯಿತು. ಅಷ್ಟೂ ದಿನ ಹುಡುಗರ ಸಂಬಳ ಕೊಟ್ಟದ್ದು ಅಪ್ಪ ಚಾಲಿ ಅಡಿಕೆ ಮಾರಿದ ದುಡ್ಡಿನಲ್ಲಿ. ಆ ವರ್ಷ ಮನೆಯ ಮಾಡು ರಿಪೇರಿ ಮಾಡಿಸಬೇಕಿತ್ತು, ಮಾಡಿಸಲಿಲ್ಲ. ಅಪ್ಪ ಒಂದು ಮಾತೂ ಆಡಲಿಲ್ಲ. ಅದು ನನಗೆ ಈಗಲೂ ಚುಚ್ಚುತ್ತದೆ. ಅದಕ್ಕೇ ಹೇಳುತ್ತೇನೆ, ಆರು ತಿಂಗಳ ಸಂಬಳ ಬ್ಯಾಂಕಿನಲ್ಲಿ ಇಲ್ಲದೆ ಒಪ್ಪಂದಕ್ಕೆ ಸಹಿ ಹಾಕಬೇಡಿ.

ಇನ್ನೊಂದು, ಪರೀಕ್ಷೆಗಳು. ಸೇನೆಯ ಎಲೆಕ್ಟ್ರಾನಿಕ್ ಸಾಮಾನಿಗೆ ಜೆಎಸ್‌ಎಸ್ 55555 ಎಂಬ ಮಾನದಂಡವಿದೆ. ಬಿಸಿ, ತಂಡಿ, ತೇವ, ಅದುರುವಿಕೆ, ಉಪ್ಪುನೀರಿನ ಮಂಜು, ಎಲ್ಲದಕ್ಕೂ ತಡೆಯಬೇಕು. ನಮ್ಮ ಪೆಟ್ಟಿಗೆ ಉಪ್ಪಿನ ಪರೀಕ್ಷೆಯಿಂದ ಹೊರಗೆ ಬಂದಾಗ ಒಳಗಿನ ಬೋರ್ಡ್ ಚೆನ್ನಾಗಿಯೇ ಇತ್ತು. ಆದರೆ ಪ್ರತಿ ಸ್ಕ್ರೂವಿನ ತಲೆಯ ಸುತ್ತ ಚಹಾ ಚೆಲ್ಲಿದ ಹಾಗೆ ಕಂದು ಕಲೆ. ಅಂಗಡಿಯಿಂದ ಸುಮ್ನೆ ಸ್ಟೇನ್‌ಲೆಸ್ ಸ್ಟೀಲ್ ಅಂತ ಕೇಳಿ ತಂದಿದ್ದೆವು, 304 ಎಂಬ ದರ್ಜೆಯದು ಕೊಟ್ಟಿದ್ದ. ಸಮುದ್ರಕ್ಕೆ 316 ಬೇಕು. ಅದರಲ್ಲಿ ಮಾಲಿಬ್ಡಿನಂ ಎಂಬ ಲೋಹ ಇರುವುದರಿಂದ ಉಪ್ಪಿಗೆ ಜಾಸ್ತಿ ತಡೆಯುತ್ತದೆ. ಇಪ್ಪತ್ತನಾಲ್ಕು ಸ್ಕ್ರೂಗಳಿಗಾಗಿ ಇಡೀ ಪರೀಕ್ಷೆ ಮತ್ತೆ ಮಾಡಿಸಿದೆವು. ಲ್ಯಾಬ್ ಬಾಡಿಗೆ, ಬೆಂಗಳೂರಿಗೆ ಓಡಾಟ, ಎಲ್ಲ ಎರಡೆರಡು ಸಲ. ಬಜೆಟ್ ಬರೆಯುವಾಗಲೇ ಪರೀಕ್ಷೆಯನ್ನು ಎರಡು ಸಲಕ್ಕೆ ಲೆಕ್ಕ ಹಾಕಿ.

ಬಿಣಗಾದಿಂದ, ಹಡಗು ರಿಪೇರಿ ಕೆಲಸದಿಂದ ನಿವೃತ್ತ

ತಮ್ಮಾ, ದುಡ್ಡಿನ ವಿಷಯ ಅವರು ಹೇಳಿದರು. ನಾನು ಬಳಸುವವನ ಕೈ ಬಗ್ಗೆ ಹೇಳುತ್ತೇನೆ.

ಹಡಗಿನ ಮೇಲೆ ನಿನ್ನ ಯಂತ್ರ ಹಿಡಿಯುವವನ ಕೈಯಲ್ಲಿ ಗ್ಲೌಸ್ ಇರುತ್ತದೆ. ಗ್ಲೌಸಿನಲ್ಲಿ ಗ್ರೀಸ್ ಇರುತ್ತದೆ. ಟಚ್‌ಸ್ಕ್ರೀನ್ ಇಟ್ಟರೆ ಅವನು ಎರಡನೇ ದಿನ ಅದನ್ನು ಪೆಟ್ಟಿಗೆಯಲ್ಲೇ ಬಿಡುತ್ತಾನೆ. ದೊಡ್ಡ ಗುಂಡಿ ಇಡು, ಒತ್ತಿದ್ದು ಬೆರಳಿಗೆ ಗೊತ್ತಾಗಬೇಕು. ವೈಫೈ ನಂಬಿ ಮಾಡಬೇಡ, ವೈರೇ ಇರಲಿ. ಮತ್ತೆ ನೀರು ಸೋರದ ಹಾಗೆ ಮುಚ್ಚಳಕ್ಕೆ ಓ-ರಿಂಗ್ ಎಂಬ ರಬ್ಬರ್ ಬಳೆ ಹಾಕಿರುತ್ತೀಯಲ್ಲ, ಅದರ ಮೇಲೆ ಒಂದು ಕೂದಲು ಬಿದ್ದರೂ ನೀರು ಒಳಗೆ ದಾರಿ ಮಾಡಿಕೊಳ್ಳುತ್ತದೆ. ರಾತ್ರಿ, ಅದುರುವ ಡೆಕ್ಕಿನ ಮೇಲೆ, ಟಾರ್ಚ್ ಬೆಳಕಿನಲ್ಲಿ ಆ ಮುಚ್ಚಳ ತೆಗೆದು ಹಾಕಲು ಬರಬೇಕು. ಬ್ಯಾಟರಿ ಬದಲಿಸಲು ಮುಚ್ಚಳ ತೆಗೆಯುವ ಕೆಲಸವೇ ಬರದಂತೆ ಮಾಡಿದರೆ ಇನ್ನೂ ಒಳ್ಳೆಯದು.

ಬಿಡಿಭಾಗ ಎಲ್ಲಿಯದು ಎಂದು ಖಂಡಿತ ಕೇಳುತ್ತಾರೆ. 2025ರ ಫೆಬ್ರವರಿಯಲ್ಲಿ ಸೇನೆಗೆ ಬರಬೇಕಿದ್ದ 400 ಡ್ರೋನ್‌ಗಳ ಖರೀದಿ ರದ್ದಾಯಿತು. ಚೀನಾದ ಭಾಗಗಳಿವೆ ಎಂಬುದೇ ಕಾರಣ.

ಕೇಳಿದವರು

ಅಣ್ಣಾ, ನಮ್ಮ ಮೋಟಾರ್ ಚೀನಾದ್ದೇ. ಕ್ಯಾಮೆರಾ ಕೂಡ. ಈಗಲೇ ಹೇಳಬೇಕಾ, ಆಮೇಲೆ ಬದಲಿಸಿದರೆ ಆಗುತ್ತದಾ?

ಬಿಣಗಾದಿಂದ

ಈಗಲೇ ಬದಲಿಸು. ಮೋಟಾರ್ ಬದಲಾದರೆ ಅದರ ಬೋರ್ಡ್ ಬದಲಾಗುತ್ತದೆ, ತೂಕ ಬದಲಾಗುತ್ತದೆ, ನೀರಿನಲ್ಲಿ ತೇಲುವ ರೀತಿಯೇ ಬದಲಾಗುತ್ತದೆ. ಆಮೇಲೆ ಅಂದರೆ ಹೊಸ ಯಂತ್ರವೇ ಮಾಡಿದ ಹಾಗೆ. ಪ್ರತಿ ಭಾಗ ಯಾವ ದೇಶದ್ದು ಎಂದು ಪಟ್ಟಿ ಬರೆದಿಡು, ಮುಚ್ಚಿಡಬೇಡ.

ಕುಮಟಾದವಳು, ಲೆಕ್ಕಪತ್ರದ ಕೆಲಸ

ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇದೆಯಾ? ಸ್ಟಾರ್ಟ್‌ಅಪ್ ಇಂಡಿಯಾ ಮಾನ್ಯತೆ ಇದೆಯಾ? ಇಲ್ಲದಿದ್ದರೆ ಈ ವಾರವೇ ಶುರು ಮಾಡಿ. ಅನುದಾನಕ್ಕೆ ಬೇರೆಯೇ ಬ್ಯಾಂಕ್ ಖಾತೆ ತೆರೆಯಿರಿ. ಟ್ರಾಲರ್‌ನವರ ದುಡ್ಡು ಅದರಲ್ಲಿ ಬೆರೆಯಬಾರದು. ಪ್ರತಿ ಬಿಲ್ಲಿನ ಹಿಂದೆ ಯಾವ ಹಂತದ ಖರ್ಚು ಎಂದು ಪೆನ್ಸಿಲಿನಲ್ಲಿ ಬರೆದಿಡಿ. ಹಣ ಹೇಗೆ ಬಳಸಿದಿರಿ ಎಂದು ಸಿಎ ಸಹಿ ಹಾಕಿ ಕೊಡಬೇಕಾಗುತ್ತದೆ. ಆಗ ಒಂದು ಬಿಲ್ಲು ಸಿಗದೆ ಕಂತೇ ನಿಂತದ್ದನ್ನು ನಾನು ನೋಡಿದ್ದೇನೆ.

ಹೊನ್ನಾವರದವಳು, ಅಮೆರಿಕದಿಂದ

ಇಲ್ಲಿ ಇದೇ ಥರದ ಎಸ್‌ಬಿಐಆರ್ ಎಂಬ ಯೋಜನೆ 1982ರಲ್ಲೇ ಶುರುವಾಗಿದೆ. ನಾನಿದ್ದ ಸಣ್ಣ ಕಂಪನಿ ಅದರಲ್ಲೇ ನಡೆಯುತ್ತಿತ್ತು. ಮೊದಲ ಹಂತದಲ್ಲಿ ವಿಚಾರ ನಡೆಯುತ್ತದಾ ಎಂದು ನೋಡಲು ಸ್ವಲ್ಪ ಹಣ, ಎರಡನೆಯದರಲ್ಲಿ ಮಾದರಿ ಮಾಡಲು ಜಾಸ್ತಿ ಹಣ. ಮೂರನೆಯದಕ್ಕೆ ಯೋಜನೆಯಿಂದ ಏನೂ ಇಲ್ಲ, ಕೊಳ್ಳುವವರನ್ನು ನೀವೇ ಹುಡುಕಬೇಕು. ನಾವು ನಿಂತದ್ದು ಅಲ್ಲೇ. ಯಂತ್ರ ಚೆನ್ನಾಗಿತ್ತು, ಎಲ್ಲರೂ ಹೊಗಳಿದರು, ಕೊಳ್ಳಲು ಆ ವರ್ಷದ ಬಜೆಟ್‌ನಲ್ಲಿ ಯಾರ ಹತ್ತಿರವೂ ಹಣ ಇರಲಿಲ್ಲ. ಮೊದಲ ದಿನದಿಂದಲೇ ಕೇಳಿ, ಇದು ಕೆಲಸ ಮಾಡಿದರೆ ಯಾರು ಕೊಳ್ಳುತ್ತಾರೆ, ಎಷ್ಟು ಕೊಳ್ಳುತ್ತಾರೆ?

ಶಿರಸಿಯವನು

ಅಕ್ಕ ಹೇಳಿದ್ದು ಇಲ್ಲಿಗೂ ಸರಿ. ಸವಾಲು ಗೆಲ್ಲುವುದು ಬೇರೆ, ಆರ್ಡರ್ ಬರುವುದು ಬೇರೆ. ನಡುವೆ ಬಳಕೆದಾರರ ಪ್ರಯೋಗ, ಬೆಲೆಯ ಮಾತುಕತೆ, ಮಂಜೂರಾತಿ ಎಲ್ಲ ಇದೆ. ಅದಕ್ಕೇ ಟ್ರಾಲರ್‌ನವರನ್ನು ಕೈಬಿಡಬೇಡಿ. ನಿಮ್ಮ ಅಕ್ಕಿ-ಬೇಳೆ ಅವರಿಂದಲೇ ಬರಬೇಕು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ತಂತ್ರಜ್ಞಾನ ಅಭಿವೃದ್ಧಿ ನಿಧಿಯನ್ನೂ ನೋಡಿ. ಅಲ್ಲಿ ಖರ್ಚಿನ 90 ಶೇಕಡಾವರೆಗೂ ಕೊಡುತ್ತಾರೆ. ಆದರೆ ಅವರು ಕೇಳಿದ ವಿಷಯವೇ ಆಗಿರಬೇಕು.

ಕಾರವಾರದ ನೌಕಾನೆಲೆ ಯೋಜನೆ ಸೀಬರ್ಡ್‌ಗೆ ಜಾಗ ಕೊಟ್ಟ ಮನೆಯವನು

ಸಲಹೆ ಅಲ್ಲ, ಒಂದು ಮಾತು. 1986ರಲ್ಲಿ ಅಡಿಗಲ್ಲು ಹಾಕಿದಾಗ ನಮ್ಮಜ್ಜ ದೇಶಕ್ಕೆ ಬೇಕು ಅಂತ ಮನಸ್ಸು ಗಟ್ಟಿ ಮಾಡಿಕೊಂಡರಂತೆ. 2005ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ನಮಗೆ ಸಿಕ್ಕ ಕೆಲಸ ಹೆಚ್ಚಾಗಿ ಗುತ್ತಿಗೆಯ ಸ್ವಚ್ಛತೆ, ಕಾವಲು. ಆ ಹಡಗುಗಳಿಗೆ ಬೇಕಾದ ಒಂದು ಯಂತ್ರ ಕೋಡಿಬಾಗದ ವರ್ಕ್‌ಶಾಪಿನಲ್ಲಿ ಆಗುತ್ತಿದೆ ಎಂದು ಓದಿ ಕಣ್ಣು ತುಂಬಿ ಬಂತು. ನನ್ನ ಮಗಳು ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷ. ಜನ ಬೇಕಾದರೆ ಕೇಳಿ.

ಕೇಳಿದವರು

ಎಲ್ಲರಿಗೂ ಋಣಿ. ರಾತ್ರಿ ತಮ್ಮನ ಜೊತೆ ಕೂತು ಲೆಕ್ಕ ಹಾಕಿದೆ. 30 ಲಕ್ಷದ ಕೆಲಸ ಅಂತ ಬರೆದುಕೊಡುತ್ತೇವೆ, ನಮ್ಮ 15 ಹೊಂದುತ್ತದೆ. ಆರು ತಿಂಗಳ ಸಂಬಳ ಇನ್ನೂ ಪೂರ್ತಿ ಇಲ್ಲ. ಹಾಗಾಗಿ ಈ ಸಲ ಬಿಟ್ಟು ಮುಂದಿನ ಸವಾಲಿಗೆ ಅರ್ಜಿ ಹಾಕುವುದು ಎಂದು ತೀರ್ಮಾನ. ಈಗ ಮೀನುಗಾರಿಕೆ ರಜೆ, ದೋಣಿಗಳೆಲ್ಲ ದಡದಲ್ಲಿವೆ. ಆಗಸ್ಟ್ 1ಕ್ಕೆ ಅವು ನೀರಿಗಿಳಿಯುವ ಮೊದಲು ಮೋಟಾರ್ ಬದಲಿಸುತ್ತೇವೆ. ಈಗಷ್ಟೇ ನಮ್ಮ ಯಂತ್ರದ ಸ್ಕ್ರೂಗಳನ್ನು ದೀಪದ ಕೆಳಗೆ ನೋಡಿದೆ. ಕಂದು ಕಲೆ ನಮ್ಮಲ್ಲೂ ಇದೆ.

ಬಿಣಗಾದ ಅಣ್ಣಾ, ಭಾನುವಾರ ಮನೆಯಲ್ಲಿರುತ್ತೀರಾ? ಗ್ಲೌಸ್ ತರುತ್ತೇನೆ, ಗುಂಡಿಗಳನ್ನು ನೀವೇ ಒತ್ತಿ ನೋಡಿ. ಮಗಳ ಬಗ್ಗೆ ಬರೆದ ಅಣ್ಣಾ, ಅವಳಿಗೆ ಪರೀಕ್ಷೆ ಮುಗಿದ ಮೇಲೆ ಒಮ್ಮೆ ವರ್ಕ್‌ಶಾಪಿಗೆ ಬರಲು ಹೇಳಿ.