ಗುಂಡು, ಛರ್ರಾ (ಬಂದೂಕಿನ ಸಣ್ಣ ಗುಂಡು) ಗಾಯ: ಸರ್ಜನ್ ಸಾಹೇಬ್ರಿಗೆ ಕೇಳ್ರಿ

ಖಾನಾಪುರದವರು: ನಮಸ್ಕಾರ ಸರ್. ಹಂದಿ ಕಾಯಾಕ ಹೋದಾಗ ನಮ್ಮ ಕಾಕಾನ ಮೊಣಕಾಲಿಗೆ ಛರ್ರಾ ಬಡದು ನಾಕ್ ತಿಂಗಳಾತು. ಎರಡು ಒಳಗ ಉಳದಾವು, ಇರಲಿ ಬಿಡ್ರಿ ಅಂದಿದ್ರು. ಈಗ ಬಾವು ಬಂದೈತಿ.

ಸರ್ಜನ್: ಎಲ್ಲಿ ಉಳದಾವು ಅನ್ನೋದೇ ಮುಖ್ಯ. ಮಾಂಸಖಂಡದಾಗ ಇದ್ದರ ದೇಹ ಅದರ ಸುತ್ತ ಗಟ್ಟಿ ಪೊರೆ ಕಟ್ಟತೈತಿ, ಬಿಟ್ಟರೂ ನಡೀತೈತಿ. ಕೀಲಿನ ಒಳಗ ಇದ್ದರ ಬಿಡೂ ಹಂಗಿಲ್ಲ. ಕೀಲಿನ ನೀರಿನಾಗ ಸೀಸ ನಿಧಾನಕ್ಕ ಕರಗತೈತಿ, ಮೃದ್ವಸ್ಥಿ ಸವೀತೈತಿ, ರಕ್ತಕ್ಕೂ ಸೀಸ ಸೇರತೈತಿ. ಹೊಟ್ಟಿ ಮುರಿತ, ಮಲಬದ್ಧತೆ, ರಕ್ತ ಕಡಿಮಿ ಆಗೂದು, ಮುಂಗೈ ಸೋಲೂದು ಅದರ ಲಕ್ಷಣ. ಮುಂದಿಂದ ಒಂದು, ಪಕ್ಕದಿಂದ ಒಂದು ಎಕ್ಸ್-ರೇ ತಗಸ್ರಿ. ಒಳಗೋ ಹೊರಗೋ ತಿಳೀದಿದ್ರ ಸಿಟಿ ಸ್ಕ್ಯಾನ್. ರಕ್ತದಾಗಿನ ಸೀಸದ ಪರೀಕ್ಷೆನೂ ಬೇಕು. ಛರ್ರಾ ಸೀಸದ್ದೋ ಉಕ್ಕಿನದ್ದೋ ಗೊತ್ತಾಗೂ ತನಕ ಎಂಆರ್‌ಐ ಬ್ಯಾಡ, ಉಕ್ಕಿದ್ದರ ಸರದಾಡಬಹುದು. ಜ್ವರ ಐತೇನು?

ಬೀಳಗಿಯವರು: ಫಾರ್ವರ್ಡ್ ಬಂದೈತ್ರಿ: ಗುಂಡು ಬಿಸಿ ಇರತೈತಿ, ನಂಜಾಗೂದಿಲ್ಲ. ಅರಿಶಿಣ-ಸುಣ್ಣ ಹಚ್ಚಿ ಅಯಸ್ಕಾಂತ ಹಿಡದ್ರ ಹೊರಗ ಬರತೈತಿ.

ಸರ್ಜನ್: ಪೂರಾ ತಪ್ಪು. ಆ ಬಿಸಿಗೆ ರೋಗಾಣು ಸಾಯೂದಿಲ್ಲ, ಅರಿವಿ ಚೂರು, ಮಣ್ಣು ಗುಂಡಿನ ಜೋಡಿ ಒಳಗ ಹೋಗತಾವು. ಸೀಸಕ್ಕ ಅಯಸ್ಕಾಂತ ಅಂಟೂದಿಲ್ಲ. ಸುಣ್ಣ ಗಾಯ ಸುಡತೈತಿ. ಸ್ವಚ್ಛ ಅರಿವಿ ಒತ್ತಿ ಹಿಡದು ಆಸ್ಪತ್ರೆಗೆ ಬರ್ರಿ.

ಲೈಸೆನ್ಸ್‌ದಾರರು, ಜಮಖಂಡಿ: .315 ರೈಫಲ್ಲಿನ ಸಾಫ್ಟ್ ನೋಸ್ ಗುಂಡು ಬಡದ್ರೂ ಒಳಗ ಹೋಗೂ ತೂತು ಸಣ್ಣದs. ಇಷ್ಟು ಅಂಜಿಸೂದು ಯಾಕ?

ಮಾಜಿ ಸೈನಿಕ, ಗೋಕಾಕ: ಸಾಫ್ಟ್ ನೋಸ್ ಒಳಗ ಅರಳತೈತ್ರಿ. ಅದಕ್ಕs 1899ರ ಹೇಗ್ ಘೋಷಣೆಯೊಳಗ ಯುದ್ಧಕ್ಕ ಬ್ಯಾಡ ಅಂದ್ರು. ಫೌಜಿನ ಫುಲ್ ಜಾಕೆಟ್ ಗುಂಡು (ತುದಿಗೂ ಗಟ್ಟಿ ಲೋಹದ ಕವಚ ಇರೂದು) ಆರಪಾರ ಹೋಗತೈತಿ, ಗಾಯ ಸಣ್ಣದು.

ಸರ್ಜನ್: ಇಬ್ಬರದೂ ಅರ್ಧ ಸತ್ಯ. ಸಾಫ್ಟ್ ನೋಸಿನ ತುದಿಗೆ ಜಾಕೆಟ್ ಇಲ್ಲ. ಮಾಂಸಕ್ಕ ಬಡದಾಗ ಸೀಸ ಹಿಂದಕ್ಕ ಮಡಚಿ ಅಣಬೆ ಹಂಗ ಅಗಲ ಆಗಿ, ಶಕ್ತಿ ಎಲ್ಲಾ ಅಲ್ಲೇ ಸುರೀತೈತಿ. ದೂರದಿಂದ ವೇಗ ಕಳಕೊಂಡು ಬಂದ್ರ ಅರಳದೆ ಹೋಗಬಹುದು. ಎಲುಬಿಗೆ ಬಡದ್ರ ಗುಂಡೂ ಚೂರು, ಎಲುಬೂ ಚೂರು. ಫುಲ್ ಜಾಕೆಟ್ ಒಳಗ ಅಡ್ಡ ತಿರುಗಿದ್ರ ಅದೂ ದೊಡ್ಡ ಗಾಯನs. ಗುಂಡು ಹಾಯೂ ಕ್ಷಣದ ಉಬ್ಬರಕ್ಕ ಮಾಂಸಖಂಡ ಹಿಗ್ಗಿ ವಾಪಸ್ ಬರತೈತಿ, ಯಕೃತ್ತು ಸೀಳತೈತಿ. ಹೊರಗಿನ ತೂತು ನೋಡಿ ಒಳಗಿನ ಲೆಕ್ಕಾ ಹಾಕಬ್ಯಾಡ್ರಿ.

ಲೈಸೆನ್ಸ್‌ದಾರರು: ಫೌಜಿ ಸಾಹೇಬ್ರು ಸಣ್ಣ ಗಾಯ ಅಂದಿದ್ರಲ್ಲ, ಈಗ?

ಮಾಜಿ ಸೈನಿಕ: ನೀವು ತೂತು ಅಷ್ಟs ನೋಡಿದವ್ರು, ಸುಮ್ಮನಿರ್ರಿ.

ಖಾನಾಪುರದವರು: ಜ್ವರ ನಿನ್ನಿಯಿಂದ ಐತ್ರಿ. ಕಾಲ ಮಡಚಾಕ ಬರವಲ್ದು. ಪೊಲೀಸ್ ಕೇಸ್ ಆಗತೈತಿ ಅಂತ ಅಂಜತಾನ.

ಸರ್ಜನ್: ಹಂಗಾದ್ರ ಕೀವು ಆಗಿರಬಹುದು. ಈಗಲೇ ಬೆಳಗಾವಿ ಬಿಮ್ಸ್ ಆಸ್ಪತ್ರೆಗೆ ಕರಕೊಂಡು ಹೋಗ್ರಿ, ಹಳೇ ಎಕ್ಸ್-ರೇ ಒಯ್ರಿ, ಊಟ ಕೊಡಬ್ಯಾಡ್ರಿ. ಕೀಲಿನ ನೀರು ತಗದು ಪರೀಕ್ಷೆಗೆ ಕಳಿಸೂ ಮೊದಲು ಅಂಗಡಿ ಆಂಟಿಬಯೋಟಿಕ್ ನುಂಗಿಸಿದ್ರ ರೋಗಾಣು ಸಿಗೂದು ಕಷ್ಟ. ಪೊಲೀಸರಿಗೆ ಆಸ್ಪತ್ರೆಯವ್ರು ತಿಳಸ್ತಾರ, ಆದ್ರ ಚಿಕಿತ್ಸೆ ಮೊದಲು ಅಂತ 1989ರಾಗ ಸುಪ್ರೀಂ ಕೋರ್ಟ್ ಹೇಳೇತಿ.

ಇಂಡಿಯವರು: ನಾಯಿಗೆ ಏರ್‌ಗನ್ ಛರ್ರಾ ಬಡದೈತ್ರಿ, ಏನು ಮಾಡೂದು?

ಬೀಳಗಿಯವರು: ಗಾಯ ಆದವ್ರಿಗೆ ಟಿಟಿ (ಧನುರ್ವಾಯು ತಡೆಯೂ ಇಂಜೆಕ್ಷನ್) ಯಾವಾಗ?

ಸರ್ಜನ್: ಅದೇ ದಿನ.

ಮುಧೋಳದವರು: ಸರ್, ಛರ್ರಾ ಒಳಗ ಉಳದ್ರ ತಗೀಲೇಬೇಕೇನ್ರಿ?

ಸರ್ಜನ್: ಮ್ಯಾಲ ಬರದೇನಿ. ಓದ್ರಿ.