ಹಸುವಿಗೆ ಮೆಕ್ಕೆಜೋಳ: ಕಾಳೋ, ನುಚ್ಚೋ, ಹಿಟ್ಟೋ?

ಜಗಳೂರು ಕಡೆಯವನು:
ಎರಡು ಸೀಮೆ ಹಸು ಇವೆ, ಒಂದೊಂದೂ ದಿನಕ್ಕೆ ಹತ್ತು ಲೀಟರ್ ಕೊಡುತ್ತವೆ. ಅಂಗಡಿ ಫೀಡ್ ಖರ್ಚು ಕಡಿಮೆಯಾಗಲಿ ಅಂತ ಈ ಸಲ ಹತ್ತು ಚೀಲ ಮೆಕ್ಕೆಜೋಳ ಮಾರದೆ ಇಟ್ಟುಕೊಂಡೆ. ಮೊದಲು ರಾತ್ರಿ ನೆನೆಸಿ ಇಡೀ ಕಾಳನ್ನೇ ಹಾಕಿದೆ. ಸಗಣಿಯಲ್ಲಿ ಕಾಳು ಹಾಗೇ ಬೀಳುತ್ತಿತ್ತು, ಮನೆ ಕೋಳಿಗಳೆಲ್ಲ ತಿಪ್ಪೆ ಬಿಟ್ಟು ಕೊಟ್ಟಿಗೆ ಬಾಗಿಲಲ್ಲೇ ಠಿಕಾಣಿ. ಸರಿ ಅಂತ ಹಿಟ್ಟಿನ ಗಿರಣಿಯಲ್ಲಿ ನುಣ್ಣಗೆ ಬೀಸಿಸಿ ಹೊತ್ತಿಗೆ ಎರಡೂವರೆ ಕೆಜಿ ಕೊಟ್ಟೆ, ಬೇರೇನೂ ಬೆರೆಸಲಿಲ್ಲ. ಈಗ ಸಗಣಿ ತೆಳ್ಳಗೆ, ಹುಳಿ ವಾಸನೆ ಬೇರೆ. ಡೇರಿಯಲ್ಲಿ ಫ್ಯಾಟ್ 3.8 ಇದ್ದದ್ದು 3.1 ಆಗಿದೆ. ಜೋಳವೇ ಆಗಿಬರಲ್ವಾ?

ಹರಿಹರದ ಹಾಲಿನವನು:
ಜೋಳದ ತಪ್ಪಲ್ಲ ಅಣ್ಣ, ಹಿಟ್ಟಿನ ತಪ್ಪು. ನುಣ್ಣನೆ ಹಿಟ್ಟು ದೊಡ್ಡ ಹೊಟ್ಟೆಯಲ್ಲಿ ಬೇಗ ಹುಳಿ ಬರುತ್ತದೆ. ಹಿಟ್ಟಿಗೆ ಹಸು ಮೆಲುಕೂ ಹಾಕಲ್ಲ. ಮೆಲುಕು ಹಾಕಿದರೆ ತಾನೇ ಜೊಲ್ಲು ಇಳಿಯೋದು, ಆ ಜೊಲ್ಲಿನಲ್ಲೇ ಸೋಡಾ ಇರುತ್ತದೆ, ಅದೇ ಹುಳಿ ಮುರಿಯೋದು. ಇವತ್ತೇ ಹಿಟ್ಟು ನಿಲ್ಲಿಸಿ, ಒಣ ಮೇವು ಜಾಸ್ತಿ ಹಾಕಿ. ಹಸು ಮೇವೂ ಬಿಟ್ಟು ಮಂಕಾಗಿ ನಿಂತರೆ ತಡ ಮಾಡದೆ ಡಾಕ್ಟರನ್ನು ಕರೆಸಿ.

ಆಮೇಲೆ ಫೀಡ್ ಒಡೆಯುವ ಮಿಲ್ಲಿಗೆ ಹೋಗಿ, ದಪ್ಪ ಜಾಲರಿ ಹಾಕಿ ಅಂತ ಹೇಳಿ. ಒಂದು ಕಾಳು ನಾಲ್ಕೈದು ಚೂರಾದರೆ ಸಾಕು, ಮುಷ್ಟಿಯಲ್ಲಿ ಹಿಡಿದರೆ ರವೆಗಿಂತ ಒರಟಾಗಿರಬೇಕು. ಬೇಯಿಸಿ ಹಾಕುವವರೂ ಇದ್ದಾರೆ, ಸುಮ್ನೆ ಸೌದೆ ದಂಡ.

ಚಳ್ಳಕೆರೆ:
ಬರೀ ಜೋಳ ಹಾಕಿದ್ದು ಇನ್ನೊಂದು ತಪ್ಪು. ಅದರಲ್ಲಿ ಶಕ್ತಿ ಇದೆ, ಪ್ರೋಟೀನ್ ಬರೀ 9 ಪರ್ಸೆಂಟ್ ಹತ್ತಿರ. ನಮ್ಮೂರಲ್ಲಿ ಎಣ್ಣೆ ಮಿಲ್ಲು ಇರೋದರಿಂದ ಶೇಂಗಾ ಹಿಂಡಿಗೆ ಬರವಿಲ್ಲ. ನಾನು ನೂರು ಕೆಜಿಗೆ ಜೋಳದ ನುಚ್ಚು 35, ಶೇಂಗಾ ಹಿಂಡಿ 20, ಹತ್ತಿಕಾಳು ಹಿಂಡಿ 12, ಗೋಧಿ ಬೂಸಾ 20, ಅಕ್ಕಿ ತೌಡು 10, ಖನಿಜ ಮಿಶ್ರಣ 2, ಉಪ್ಪು 1 ಹಾಕುತ್ತೇನೆ. ಪ್ರೋಟೀನ್ 18ರ ಆಸುಪಾಸು ಬರುತ್ತದೆ. ಹಸುವಿನ ಮೈಗೆ ಅಂತ ಒಂದೂವರೆ ಕೆಜಿ, ಆಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ನಿಮ್ಮ ಒಂದೊಂದು ಹಸುವಿಗೆ ದಿನಕ್ಕೆ ಐದೂವರೆ, ಎರಡು ಹೊತ್ತಿಗೆ ಹಂಚಿ. ಒಳ್ಳೆ ಹಸಿ ಮೇವು ಇದ್ದರೆ ಇನ್ನೂ ಇಳಿಸಬಹುದು. ಹೊಸ ಮಿಶ್ರಣಕ್ಕೆ ಒಂದೇ ದಿನಕ್ಕೆ ಬದಲಾಯಿಸಬೇಡಿ, ಹತ್ತು ದಿನ ಹಿಡಿಯಲಿ.

ಹೊನ್ನಾಳಿಯಿಂದ:
ಇಟ್ಟ ಜೋಳ ಸರಿಯಾಗಿ ಒಣಗಿದೆಯಾ ನೋಡಿದ್ರಾ? ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಒಂದು ಚಮಚ ಒಣ ಉಪ್ಪು ಹಾಕಿ ಚೆನ್ನಾಗಿ ಕುಲುಕಿ. ಉಪ್ಪು ಗಾಜಿಗೆ ಅಂಟಿದರೆ ಕಾಳಿನಲ್ಲಿ ಇನ್ನೂ ತೇವ ಇದೆ ಅಂತ, ಮತ್ತೆ ಬಿಸಿಲಿಗೆ ಹಾಕಿ. ಹಸಿರು ಬೂಷ್ಟು ಕಂಡ ಕಾಳು ಮಾತ್ರ ಬೇಡವೇ ಬೇಡ, ಆ ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ, ಬೇಯಿಸಿದರೂ ಹೋಗಲ್ಲ. ಶೇಂಗಾ ಹಿಂಡಿಗೂ ಇದೇ ಮಾತು. ಹೋದ ಮಳೆಗಾಲ ಗೋಡೆಗೆ ಒತ್ತಿ ಇಟ್ಟು ನಾನು ಎರಡು ಚೀಲ ಚೆಲ್ಲಿದೆ.

ಜಗಳೂರು ಕಡೆಯವನು:
ಈಗಷ್ಟೇ ಬಾಟಲಿ ಕುಲುಕಿದೆ. ಮೇಲಿನ ಚೀಲದ್ದು ಅಂಟಲಿಲ್ಲ, ಗೋಡೆ ಪಕ್ಕದ್ದು ಅಂಟಿತು. ನಾಳೆ ಅವನ್ನೆಲ್ಲ ಕಣಕ್ಕೆ ಹಾಕುತ್ತೇನೆ. ಚಳ್ಳಕೆರೆ ಅಣ್ಣ, ಹತ್ತಿಕಾಳು ಹಿಂಡಿ ಸಿಗದಿದ್ದರೆ ಶೇಂಗಾ ಹಿಂಡಿಯನ್ನೇ ಏರಿಸಬಹುದಾ?